ಹೃದಯಕ್ಕೆ ಸ್ಟೆಂಟ್ ಹಾಕುತ್ತಾರೆ, ಮೊಣಕಾಲ ಕೆಳಗೆ ಯಾಕೆ ಬೇಡ ಅನ್ನುತ್ತಾರೆ?

ರಾಣೆಬೆನ್ನೂರಿನ ಮಗಳು
ಅಪ್ಪನಿಗೆ 67. ಶುಗರ್ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಚಪ್ಪಲಿ ಉಜ್ಜಿ ಬಲಗಾಲ ಕಿರುಬೆರಳಿಗೆ ಆದ ಗಾಯ ಮಾಯುತ್ತಲೇ ಇಲ್ಲ, ತುದಿ ಕಪ್ಪಾಗಿದೆ. ರಾತ್ರಿಯೆಲ್ಲ ಕಾಲು ಇಳಿಬಿಟ್ಟು ಮಂಚದ ಅಂಚಲ್ಲಿ ಕೂರುತ್ತಾರೆ. ಮೊಣಕಾಲ ಕೆಳಗಿನ ಮೂರು ರಕ್ತನಾಳಗಳಲ್ಲಿ ಎರಡು ಪೂರ್ತಿ ಬ್ಲಾಕ್ ಅಂತೆ. ಡಾಕ್ಟರು "ಬಲೂನ್ ಮಾಡೋಣ, ಸ್ಟೆಂಟ್ ಆದಷ್ಟು ಬೇಡ" ಅಂದರು. ಚಿಕ್ಕಪ್ಪ ಹಾರ್ಟಿಗೆ ಎರಡು ಸ್ಟೆಂಟ್ ಹಾಕಿಸಿಕೊಂಡು ಆರಾಮಾಗಿದ್ದಾರೆ. ಅಪ್ಪನಿಗೆ ಮಾತ್ರ ಅರ್ಧಂಬರ್ಧ ಚಿಕಿತ್ಸೆ ಆಗುತ್ತಿದೆಯಾ ಅಂತ ಮನೆಯವರಿಗೆ ಅನುಮಾನ.

ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್, ಮೈಸೂರು
ಅರ್ಧಂಬರ್ಧ ಅಲ್ಲ ಮೇಡಂ. ಮೊಣಕಾಲ ಕೆಳಗೆ ಮೊದಲು ಬಲೂನ್ ಮಾಡುವುದೇ ರೂಢಿ, ಅಂದರೆ ನಾಳದೊಳಗೆ ಸಣ್ಣ ಬಲೂನ್ ಉಬ್ಬಿಸಿ ದಾರಿ ಬಿಡಿಸುವುದು. ಸ್ಟೆಂಟ್ ಅಂದರೆ ನಾಳದೊಳಗೇ ಬಿಟ್ಟುಬರುವ ಲೋಹದ ಜಾಲರಿ.

ಆ ನಾಳಗಳ ಅಗಲ ಸುಮಾರು 2ರಿಂದ 4 ಮಿ.ಮೀ. ಹಾರ್ಟಿನ ನಾಳವೂ ಹೆಚ್ಚುಕಮ್ಮಿ ಅಷ್ಟೇ ಅನ್ನಬಹುದು. ಆದರೆ ಶುಗರ್ ಇರುವವರ ಕಾಲಿನಲ್ಲಿ ಬ್ಲಾಕ್ ಮೀನಖಂಡದ ಉದ್ದಕ್ಕೂ ಇರುತ್ತದೆ, ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ. ಅಷ್ಟು ಉದ್ದಕ್ಕೆ ಲೋಹ ತುಂಬಿದರೆ ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆ ಜಾಸ್ತಿ. ಪಾದದ ಹತ್ತಿರ ನಾಳ ಚರ್ಮದ ಕೆಳಗೇ ಹೋಗುತ್ತದೆ. ಅಲ್ಲಿ ಬಲೂನ್ ಮೇಲೆ ಅರಳಿಸುವ ಸ್ಟೆಂಟ್ ಒಮ್ಮೆ ಜಜ್ಜಿದರೆ ತಾನಾಗಿ ಮತ್ತೆ ಅರಳುವುದಿಲ್ಲ. ಇನ್ನೊಂದು ವಿಷಯ: ಮುಂದೆ ಬೈಪಾಸ್ ಬೇಕಾದರೆ ಹೊಲಿಗೆ ಹಾಕುವ ಜಾಗದಲ್ಲಿ ಲೋಹ ಇದ್ದರೆ ಸರ್ಜನ್‌ಗೆ ತೊಂದರೆ.

ಹಾಗಂತ ಹಾಕುವುದೇ ಇಲ್ಲ ಅಂತಲ್ಲ. ಬಲೂನ್ ಉಬ್ಬಿಸಿದಾಗ ನಾಳದ ಒಳಪದರ ಸೀಳಿ ರಕ್ತಕ್ಕೆ ಅಡ್ಡ ಬಂದರೆ, ಇಲ್ಲವೇ ನಾಳ ಮತ್ತೆ ಕುಗ್ಗಿಬಿಟ್ಟರೆ, ಹಾರ್ಟಿಗೆ ಹಾಕುವ ಔಷಧಿ ಲೇಪಿತ ಸ್ಟೆಂಟನ್ನೇ ಇಡುತ್ತಾರೆ. ಈ ನಾಳಗಳ ಮೇಲ್ಭಾಗದಲ್ಲಿರುವ ಎರಡು ಮೂರು ಸೆಂಟಿಮೀಟರ್ ಉದ್ದದ ಬ್ಲಾಕಿಗೆ ಅದು ಬರೀ ಬಲೂನಿಗಿಂತ ಹೆಚ್ಚು ಕಾಲ ತೆರೆದಿರುತ್ತದೆ.

ನಾಳ ಜನ್ಮಪೂರ್ತಿ ತೆರೆದಿರಬೇಕು ಅಂತ ಲೆಕ್ಕ ಹಾಕಬೇಡಿ. ಗಾಯ ಮಾಯಲು ಬೇಕಾಗುವ ರಕ್ತ ಬೇರೆ, ಮಾಯ್ದ ಚರ್ಮ ಹಾಗೇ ಉಳಿಯಲು ಬೇಕಾಗುವ ರಕ್ತ ಬೇರೆ. ಎರಡನೆಯದು ಕಡಿಮೆ ಸಾಕು. ಕೆಲವು ತಿಂಗಳು ಪಾದದವರೆಗೆ ರಕ್ತ ಹರಿದು ಬೆರಳು ಮಾಯ್ದುಬಿಟ್ಟರೆ, ಆಮೇಲೆ ನಾಳ ಕಿರಿದಾದರೂ ಕಾಲು ಉಳಿಯುವುದುಂಟು. ಹಾಗಾಗಿ ಸ್ಟೆಂಟ್ ಎಷ್ಟು ಅಂತ ಕೇಳಬೇಡಿ. ಪಾದದವರೆಗೆ ನೇರ ಹರಿವು ಬಂತಾ, ಕಾಲ್ಬೆರಳಿನಲ್ಲಿ ರಕ್ತದ ಪ್ರೆಷರ್ ಎಷ್ಟು ಅಂತ ಕೇಳಿ. ಶುಗರ್‌ನವರಲ್ಲಿ ನಾಳ ಸುಣ್ಣ ಕಟ್ಟಿ ಗಟ್ಟಿಯಾಗಿರುವುದರಿಂದ ಹಿಮ್ಮಡಿ ಗಂಟಿನ ಹತ್ತಿರ ಪಟ್ಟಿ ಕಟ್ಟಿ ನೋಡುವ ಪ್ರೆಷರ್ ಸುಳ್ಳೇ ಚೆನ್ನಾಗಿ ಬರಬಹುದು.

ಬೆಂಗಳೂರು ಸೋಮು
ಕರಗಿಹೋಗುವ ಸ್ಟೆಂಟ್ ಬಂದಿದೆ ಅಂತಾರಲ್ವಾ?

ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್, ಮೈಸೂರು
ಹೌದು. ಅಬಾಟ್ ಕಂಪನಿಯ ಎಸ್ಪ್ರಿಟ್ ಬಿಟಿಕೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದಕ್ಕೆ ಮುಂಚೆ 261 ಜನರ ಮೇಲೆ ಅಧ್ಯಯನ ನಡೆದಿತ್ತು. ಕಾಲು ಕತ್ತರಿಸಬೇಕಾಗದೆ, ನಾಳ ಮತ್ತೆ ಮುಚ್ಚದೆ ವರ್ಷ ಕಳೆದವರು ಬಲೂನ್ ಗುಂಪಿನಲ್ಲಿ ಶೇ. 44, ಇದರಲ್ಲಿ ಶೇ. 74. ಚೆನ್ನಾಗಿದೆ, ಆದರೆ ಅಲ್ಲಿ ಪಾದವೆಲ್ಲ ಕೊಳೆತಂಥ ಕೇಸುಗಳನ್ನು ಸೇರಿಸಿರಲಿಲ್ಲ.

ಗದಗ ಬಸಣ್ಣ
ನನ್ನ ತಮ್ಮನಿಗೆ 38, ಶುಗರ್ ಇಲ್ಲ, ಬೀಡಿ ಚಟ. ಅವನ ಕಾಲಿನಲ್ಲೂ ಹೀಗೇ ಬ್ಲಾಕ್. ಬರ್ಗರ್ ಕಾಯಿಲೆ ಅಂದರು, ತಂಬಾಕಿನಿಂದ ಕೈಕಾಲಿನ ನಾಳ ಊದಿ ಮುಚ್ಚುವುದಂತೆ. ಬೀಡಿ ಪೂರ್ತಿ ಬಿಡದೆ ಬಲೂನೂ ಇಲ್ಲ, ಸ್ಟೆಂಟೂ ಇಲ್ಲ ಅಂತ ಬೈದು ಕಳಿಸಿದರು. ತಂಗಿ, ಅಪ್ಪ ಸೇದ್ತಾರಾ?

ರಾಣೆಬೆನ್ನೂರಿನ ಮಗಳು
ಇಲ್ಲ ಅಣ್ಣ, ಎಲೆಅಡಿಕೆ ಜೊತೆ ತಂಬಾಕು ಹಾಕುತ್ತಾರೆ. ಅದನ್ನೂ ಬಿಡಿಸುತ್ತೇವೆ. ಕಿಡ್ನಿ ಟೆಸ್ಟಿನಲ್ಲಿ ಕ್ರಿಯಾಟಿನಿನ್ 1.9, ಜಾಸ್ತಿ ಇದೆ. ನಾಳ ಎಕ್ಸ್‌ರೇಯಲ್ಲಿ ಕಾಣಲು ಡೈ ಹಾಕಿದರೆ ಕಿಡ್ನಿಗೆ ಏನಾದರೂ ಆಗುತ್ತಾ?

ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್, ಮೈಸೂರು
ಆಗಬಹುದು, ಅದಕ್ಕೇ ಈ ರಿಪೋರ್ಟ್ ಮುಂಚೆಯೇ ತೋರಿಸಿ. ಡೈ ಕಮ್ಮಿ ಬಳಸುತ್ತಾರೆ. ಡ್ರಿಪ್ ಬೇಕಾ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ನಿಲ್ಲಿಸಬೇಕಾ ಅಂತ ಕೇಳಿ. ಅಲ್ಲಿಯವರೆಗೆ ಬೆರಳಿಗೆ ಬಿಸಿನೀರು ಸೋಕಿಸಬೇಡಿ, ಬರಿಗಾಲಲ್ಲಿ ಓಡಾಡುವುದು ಬೇಡ. ಜ್ವರ ಬಂದರೆ, ಕಪ್ಪು ಮೇಲೇರಿದರೆ, ಪಾದ ಇದ್ದಕ್ಕಿದ್ದಂತೆ ತಣ್ಣಗಾದರೆ ತಾರೀಖಿಗೆ ಕಾಯಬೇಡಿ, ಅವತ್ತೇ ಹೊರಡಿ.