ಸುರಂಗದ ನೀರು – ಬೋರಿನ ನೀರು ಪ್ರಾಜೆಕ್ಟ್, "ಟೆಸ್ಟ್ ಮಾಡುವ ಪ್ರಶ್ನೆಯೇ ಅಲ್ಲ" ಅಂತ ವಾಪಸ್ ಬಂತು, ಅರ್ಜೆಂಟ್

ಪೆರ್ಲ_ಪಂಪು:
ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಶಾಸ್ತ್ರೋತ್ಸವಕ್ಕೆ (ಶಾಲೆಗಳ ವಿಜ್ಞಾನ ಮೇಳ) ಪ್ರಾಜೆಕ್ಟ್. ಪ್ರಶ್ನೆ "ಸುರಂಗದ ನೀರು ಗಿಡಕ್ಕೆ ಒಳ್ಳೆಯದೋ ಬೋರಿನ ನೀರೋ" (ಸುರಂಗ ಅಂದ್ರೆ ನಮ್ಮಲ್ಲಿ ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದದ್ದು). ಹೈಪಾಥೆಸಿಸ್ "ಸುರಂಗದ ನೀರು ನೈಸರ್ಗಿಕ, ಆದ್ದರಿಂದ ಅದೇ ಒಳ್ಳೆಯದು". ಟೀಚರ್ ಇದು ಟೆಸ್ಟ್ ಮಾಡ್ಲಿಕ್ಕೆ ಆಗುವ ಪ್ರಶ್ನೆಯೇ ಅಲ್ಲ ಅಂತ ವಾಪಸ್ ಕೊಟ್ರು. ಎಂತ ಮಾರಾಯ್ರೇ, ಟೆಸ್ಟ್ ಮಾಡಿಯೇ ಆಗಿದೆಯಲ್ಲ! ಹೆಸರುಕಾಳು ಹಾಕಿ ಎರಡೂ ನೀರು ಬಿಟ್ಟು ನೋಡಿದ್ದು, ಬೋರಿನದ್ದೇ ಉದ್ದ ಬಂತು, ನಮ್ಮ ಹೈಪಾಥೆಸಿಸ್ ಉಲ್ಟಾ, ಅದು ಇನ್ನೊಂದು ತಲೆಬಿಸಿ. ಸಬ್‌ಡಿಸ್ಟ್ರಿಕ್ಟ್ ಮಟ್ಟದ ಮೇಳಕ್ಕೆ ಮೊದಲು ಸರಿ ಮಾಡ್ಬೇಕು, ಬೇಗ ಹೇಳಿ.

ಮೀಟರ್_ಮಾವ:
ನೀರಿನ ಪಿಎಚ್ (ಹುಳಿಯಾ ಕ್ಷಾರವಾ ಅಂತ ತೋರಿಸುವ ಅಂಕೆ) ಎಷ್ಟು, ಟಿಡಿಎಸ್ (ಕರಗಿದ ಉಪ್ಪು, ಖನಿಜ) ಎಷ್ಟು? ಅದಿಲ್ಲದೆ ಎಂತ ಹೇಳುದು. ಬೋರಿನ ನೀರು ಆಳದ ಕಲ್ಲಿಂದ ಕ್ಯಾಲ್ಸಿಯಂ ತರ್ತದೆ, ಅದಕ್ಕೇ ಉದ್ದ ಬಂದದ್ದು. ಸುರಂಗದ್ದು ಮುರಕಲ್ಲಿಂದ (ಜಂಬಿಟ್ಟಿಗೆ ಕಲ್ಲು) ಜಿನುಗುವ ನೀರು, ಹುಳಿ. ಕೇಸ್ ಕ್ಲೋಸ್.

ಬಯಲು_ಲ್ಯಾಬ್:
ಕ್ಲೋಸ್ ಎಲ್ಲಿಂದ. ಪಂಪು ಅವ್ರೇ, "ಒಳ್ಳೆಯದು" ಅಂದ್ರೆ ಎಂತ? ಉದ್ದವಾ, ಎಲೆಯಾ, ಎಷ್ಟು ಕಾಳು ಮೊಳೆತದ್ದು ಅಂತವಾ? ಅಳೆಯುವ ಒಂದು ಸಂಗತಿ ಮೊದಲೇ ಹೇಳದಿದ್ರೆ ಯಾವ ರಿಸಲ್ಟ್ ಬಂದ್ರೂ "ಹಾಗಾದ್ರೂ ಸುರಂಗದ್ದೇ ಒಳ್ಳೆಯದು" ಅಂತ ವಾದ ಮಾಡ್ಬಹುದು, ಟೀಚರ್ ಹೇಳಿದ್ದು ಅದನ್ನೇ. ಎಷ್ಟು ಕಾಳು ಹಾಕಿದ್ರಿ, ಕಪ್ ಎಲ್ಲಿ ಇಟ್ಟಿದ್ರಿ?

ಪೆರ್ಲ_ಪಂಪು:
ಕಪ್ ಒಂದೇ ಸೈಜು, ಮಣ್ಣು ಒಂದೇ, ಎಲ್ಲ ಸರಿಯೇ ಉಂಟು. ಪಿಎಚ್ ಮೀಟರ್ ತರಿಸ್ಬೇಕಾ? ಯಾವುದು ಒಳ್ಳೆಯದು?

ಮೀಟರ್_ಮಾವ:
ನನ್ನತ್ರ ಪೆನ್ ಟೈಪ್ ಎರಡು ಉಂಟು, ಒಂದು ಟಾಂಕಿಗೆ ಒಂದು ಕೆರೆಗೆ, ಜತೆಗೆ ಮೊಬೈಲಿಗೆ ಕನೆಕ್ಟ್ ಆಗುವ ಟಿಡಿಎಸ್. ಸುರಂಗದ ನೀರನ್ನು ಬಾಟ್ಲಿಯಲ್ಲಿ ಮನೆಗೆ ತಂದು ಅಳೆಯಿರಿ.

ಮುರಕಲ್ಲು:
ಬಾಟ್ಲಿಯಲ್ಲಿ ತಂದು ಅಳೆದ್ರೆ ಅದು ಬೇರೆಯೇ ಪಿಎಚ್ ಮಾವ. ನೆಲದಡಿಯ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ ಇರ್ತದೆ, ಗಾಳಿಗೆ ಬಿಟ್ಟರೆ ಅದು ಹೋಗಿ ಪಿಎಚ್ ಮೇಲೆ ಬರ್ತದೆ. ಮತ್ತೆ ಪಿಎಚ್ 4 ಮತ್ತು 7 ಅಂತ ಗೊತ್ತಿರುವ ಬಫರ್ ದ್ರಾವಣಕ್ಕೆ ಮೀಟರನ್ನು ಕ್ಯಾಲಿಬ್ರೇಟ್ ಮಾಡಿದ್ದೀರಾ? ಟಿಡಿಎಸ್ ಮೀಟರ್ ಉಪ್ಪು ತೂಗುದಲ್ಲ, ಕರೆಂಟ್ ಎಷ್ಟು ಹರಿತದೆ ಅಂತ ನೋಡಿ ಲೆಕ್ಕ ಹಾಕುದು, ಯಾವ ಉಪ್ಪು ಅಂತ ಅದಕ್ಕೆ ಗೊತ್ತಾಗುದಿಲ್ಲ.

ಮೀಟರ್_ಮಾವ:
ನೀವು ನನಗೆ ಬಫರ್ ಕಲಿಸುದು ಬೇಡ.

ಬಯಲು_ಲ್ಯಾಬ್:
ಮೀಟರ್ ಬದಿಗಿಡಿ ಇಬ್ರೂ. ಕಪ್ ಎಲ್ಲಿ ಇಟ್ಟದ್ದು ಅಂತ ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ.

ಪೆರ್ಲ_ಪಂಪು:
ಅದು ಎಂತಕ್ಕೆ? ಬೋರಿನದ್ದು ಪಂಪ್‌ಶೆಡ್ಡಿನ ಒಳಗೆ, ಸುರಂಗದ್ದು ಅಂಗಳದ ಕಟ್ಟೆಯಲ್ಲಿ, ನೀರು ಹತ್ತಿರ ಆಗ್ಲಿ ಅಂತ ಮಗಳು ಹಾಗೆ ಇಟ್ಟದ್ದು.

ಬಯಲು_ಲ್ಯಾಬ್:
ಶೆಡ್ಡಿನದ್ದು ಬಿಳಿಚಿಕೊಂಡು ದಂಟು ಸಪೂರ ಇತ್ತಾ?

ಪೆರ್ಲ_ಪಂಪು:
ಹೌದು, ಹಳದಿ ಹಳದಿ. ಬೋರಿನ ನೀರಿಂದ ಅಂತ ಎಣಿಸಿದ್ದು.

ಮೀಟರ್_ಮಾವ:
ಹಳದಿ ಅಂದ್ರೆ ಕಬ್ಬಿಣ ಹೀರಲಿಕ್ಕೆ ಆಗದ್ದು! ಪಿಎಚ್ ಜಾಸ್ತಿ ಇದ್ರೆ ಹಾಗೆಯೇ. ನಾನು ಹೇಳಿದ್ದೇ ಅಲ್ವಾ.

ಬಯಲು_ಲ್ಯಾಬ್:
ಮಾವ, ಕತ್ತಲಲ್ಲಿ ಇಟ್ಟ ಮೊಳಕೆ ಬೆಳಕು ಹುಡುಕಿಕೊಂಡು ಉದ್ದ ಓಡ್ತದೆ, ಹಸಿರು ಬರುದಿಲ್ಲ. ಇಲ್ಲಿ ನೀರೂ ಬೇರೆ, ಬೆಳಕೂ ಬೇರೆ, ಯಾವುದರಿಂದ ಆಯ್ತು ಅಂತ ಹೇಳ್ಲಿಕ್ಕೇ ಆಗುದಿಲ್ಲ. ಒಂದು ಮಾತ್ರ ಬದಲಿಸಿ. ಪ್ರಶ್ನೆ ಹೀಗೆ ಇರ್ಲಿ: "ಸುರಂಗ, ಬೋರು, ಮಳೆ, ಈ ಮೂರು ನೀರಲ್ಲಿ ಬೆಳೆದ ಹೆಸರು ಸಸಿಯ ಎತ್ತರದಲ್ಲಿ 20ನೇ ದಿನಕ್ಕೆ ವ್ಯತ್ಯಾಸ ಉಂಟಾ?" ಒಂದೊಂದು ನೀರಿಗೆ 5 ಕಪ್, ಕಪ್ಪಿಗೆ 4 ಕಾಳು, ಎಲ್ಲ ಒಂದೇ ಜಗಲಿಯಲ್ಲಿ, ದಿನವೂ ಜಾಗ ಅದಲುಬದಲು, ನೀರು ಅಳತೆ ಮಾಡಿಯೇ. ಒಂದೇ ವಾರಕ್ಕೆ ನಿಲ್ಲಿಸ್ಬೇಡಿ, ಮೊದಲ ದಿನಗಳಲ್ಲಿ ಸಸಿ ಕಾಳಿನ ಒಳಗಿನ ದಾಸ್ತಾನೇ ತಿಂದು ಬೆಳೆಯುದು, ನೀರಿನ ಖನಿಜದ ವ್ಯತ್ಯಾಸ ಕಾಣುದು ಕಷ್ಟ. ತೋಟದ ಮಣ್ಣಿನ ಬದಲು ತೊಳೆದ ಹೊಯಿಗೆ (ಮರಳು) ಹಾಕಿ, ಇಲ್ಲದಿದ್ರೆ ಮಣ್ಣಿನ ಸತ್ವವೇ ಎಲ್ಲವನ್ನೂ ಮುಚ್ಚಿಬಿಡ್ತದೆ.

ಕುಂಬ್ಳೆ_ಕುತೂಹಲ:
ಅಷ್ಟೆಲ್ಲ ಯಾಕೆ, ರಿಸಲ್ಟ್ ಬಂದಾಗಿದೆ, "ಬೋರಿನ ನೀರಲ್ಲಿ ಉದ್ದ ಬರ್ತದೆ" ಅಂತ ಹೈಪಾಥೆಸಿಸ್ ತಿದ್ದಿದ್ರೆ ಮುಗೀತು.

ಮುರಕಲ್ಲು:
ಅದು ಮೋಸ. ಬಾಣ ಬಿಟ್ಟ ಮೇಲೆ ಗುರಿ ಬರೆದ ಹಾಗೆ. ಹೊಸ ಹೈಪಾಥೆಸಿಸ್ ಇದ್ರೆ ಹೊಸ ಕಾಳು ಹಾಕ್ಬೇಕು. ಉಲ್ಟಾ ಬಂದ್ರೆ ಉಲ್ಟಾ ಬಂತು ಅಂತಲೇ ಬರೆಯುದು.

ಕುಂಬ್ಳೆ_ಕುತೂಹಲ:
ಶೆಡ್ಡು–ಅಂಗಳ ಅಂತಲೇ ಪ್ರಾಜೆಕ್ಟ್ ಮಾಡ್ಬಹುದಲ್ಲ ಹಾಗಾದ್ರೆ? ಒಂದೇ ನೀರು, ಬೆಳಕು ಮಾತ್ರ ಬೇರೆ. ಬೇಗ ಮುಗಿತದೆ.

ಬಯಲು_ಲ್ಯಾಬ್:
ಸಮಯ ಕಮ್ಮಿ ಇದ್ರೆ ಅದೇ ವಾಸಿ. ಆದ್ರೆ ಎಲ್ಲ ಪಾಠಪುಸ್ತಕದಲ್ಲಿ ಇರುದೇ, ಸುರಂಗದ್ದಾದ್ರೆ ನಮ್ಮ ಊರಿನದ್ದು, ನನಗೆ ಅದೇ ಇಷ್ಟ.

ಮೀಟರ್_ಮಾವ:
ಸುರಂಗ ಅಂದ ಮೇಲೆ ಹೇಳ್ತೇನೆ, ನಮ್ಮದು 90 ಕೋಲು (ಹಳೆಯ ಅಳತೆ) ಉದ್ದ, ಒಳಗೆ ಎರಡು ಕವಲು, ಪಂಪು ಬೇಡ, ಮೇ ತಿಂಗಳಲ್ಲೂ ದಂಬೆ (ಅಡಕೆ ಮರದ ತೂಬು) ತುಂಬಾ ನೀರು ಬರ್ತದೆ. ಪಿಎಚ್ ನಾಳೆ ಫೋಟೋ ಹಾಕ್ತೇನೆ.

ಮುರಕಲ್ಲು:
90 ಕೋಲಾ? ಅಳೆದದ್ದು ಯಾರು?

ಪೆರ್ಲ_ಪಂಪು:
ಅಯ್ಯೋ, ಎತ್ತರ ಅಳೆಯುವಾಗ ಸ್ಕೇಲು ಹೊಯಿಗೆಯಿಂದ ಇಡುದಾ, ಕಾಳಿಂದ ಇಡುದಾ? ಮಗಳು ಕೇಳ್ತಾ ಇದ್ದಾಳೆ.

ಮೀಟರ್_ಮಾವ:
ನಮ್ಮ ಅಜ್ಜ ಅಳೆದದ್ದು. ಬೇಕಾದ್ರೆ ಬಂದು ನೋಡಿ.