‘ಆಯಿಲ್ ಹಾಲಾಗಿದೆ’, ‘ಎಂಜಿನ್ ಹಿಡಿದಿದೆ’ – ಸರಿ, ಕೂಲೆಂಟ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಎಂಜಿನ್ ಕಾಯದಂತೆ ರೇಡಿಯೇಟರಿಗೆ ಹಾಕುವ ಕೂಲೆಂಟ್‌ಗೆ ಒಂದು ಕನ್ನಡ ಪದ ಕೇಳಬೇಕಿತ್ತು. ಜೊತೆಗೆ ಗ್ಯಾರೇಜಿನಲ್ಲಿ ಕಿವಿಗೆ ಬಿದ್ದ ಕೆಲವು ಮಾತುಗಳನ್ನೂ ನಿಮ್ಮ ಮುಂದೆ ಇಡಬೇಕಿತ್ತು.

ನಮ್ಮದು ಬಳ್ಳಾರಿ. ಅಪ್ಪನ ಹತ್ತಿರ 2005ರ ಒಂದು ಚಿಕ್ಕ ಪೆಟ್ರೋಲ್ ಕಾರಿದೆ. ಮೇ ತಿಂಗಳ ಬಿಸಿಲಲ್ಲಿ ಹೊಸಪೇಟೆಯಿಂದ ವಾಪಸ್ ಬರ್ತಾ ಇದ್ದೆವು. ತೋರಣಗಲ್ಲು ದಾಟುತ್ತಿದ್ದಂತೆ ಹೀಟ್ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಮುಂದೆಯೂ ಲಾರಿ, ಹಿಂದೆಯೂ ಲಾರಿ. ಇನ್ನೊಂದು ಸ್ವಲ್ಪ ದೂರ ಹೋಗಿ ನಿಲ್ಲಿಸೋಣ ಅಂದುಕೊಂಡೆವು. ಕುಡಿತಿನಿ ಹತ್ತಿರ ಗಾಡಿ ತಾನಾಗಿಯೇ ನಿಂತಿತು.

ಮರುದಿನ ಕಾರನ್ನು ಭಾವನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಭಾವ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದರು. ತುದಿಯನ್ನು ಎರಡು ಬೆರಳಲ್ಲಿ ಒರೆಸಿ ನನ್ನ ಮುಂದೆ ಹಿಡಿದು, "ಆಯಿಲ್ ಹಾಲಾಗೈತಿ ನೋಡು" ಅಂದರು.

ನನಗೆ ಕೇಳಿಸಿದ್ದು ‘ಹಾಳಾಗೈತಿ’ ಅಂತ. ಹಳೆ ಕಾರು, ಆಯಿಲ್ ಹಾಳಾಗಿರಬಹುದು ಅಂದುಕೊಂಡೆ. ಆದರೆ ಅವರ ಬೆರಳ ಮೇಲೆ ಇದ್ದದ್ದು ಕಪ್ಪು ಆಯಿಲ್ ಅಲ್ಲ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ, ಸಣ್ಣ ನೊರೆ ಬೇರೆ. ಆಮೇಲೆ ಗೊತ್ತಾಯಿತು, ಅವರು ಹೇಳಿದ್ದು ‘ಹಾಲು’. ಸಿಲಿಂಡರ್‌ಗಳಿರುವ ಎಂಜಿನ್‌ನ ಬ್ಲಾಕಿಗೂ ಅದರ ಮೇಲೆ ಮುಚ್ಚುವ ಹೆಡ್ಡಿಗೂ ನಡುವೆ ಸಂದು ಬಿಡದಂತೆ ಇರುವ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟಿತ್ತು. ಹೆಡ್ಡಿನಲ್ಲಿ ಓಡಾಡಬೇಕಾದ ನೀರು ಆಯಿಲ್‌ಗೆ ಇಳಿದಿತ್ತು. ಕೆಳಗೆ ತಿರುಗುವ ದಂಡ, ಕ್ರ್ಯಾಂಕ್, ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದಿತ್ತು. ಲಕಾರ ಬದಲಾದರೂ ಮಾತು ಸುಳ್ಳಾಗಲ್ಲ, ಅಲ್ವಾ? ಹಾಲಾದ ಆಯಿಲ್ ಹಾಳಾದ ಆಯಿಲೇ, ಬೇರಿಂಗ್‌ಗಳನ್ನು ಅದು ಕಾಯಲ್ಲ. ಈ ‘ಹಾಲಾಗು’ ನಿಮ್ಮ ಕಡೆಯೂ ಇದೆಯೇ? ರಾಯಚೂರು, ಕೊಪ್ಪಳದವರು ದಯವಿಟ್ಟು ಹೇಳಿ.

ಇನ್ನೊಂದು ‘ಹಿಡಿ’. ಭಾವ ಎಂಜಿನ್ ತಿರುಗಿಸಿ ನೋಡಿ, "ನಿನ್ನೆ ಹಿಡಿದೈತಿ, ಈಗ ಬಿಟ್ಟೈತಿ" ಅಂದರು. ನಾವೆಲ್ಲ ‘ಸೀಜ್ ಆಗಿದೆ’, ‘ಜಾಮ್ ಆಗಿದೆ’ ಅಂತೀವಲ್ಲ, ಅದೇ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣ. ಕಾವು ಏರಿದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ನಡುವಿನ ಸಂದು ಮುಚ್ಚಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ತಣ್ಣಗಾದರೆ ಮತ್ತೆ ಸಡಿಲ ಆಗಬಹುದು, ಆದರೆ ಗೋಡೆಯ ಮೇಲೆ ಗೀರು ಉಳಿಯುತ್ತದೆ. ಇಷ್ಟೆಲ್ಲ ಆ ಎರಡು ಕ್ರಿಯಾಪದದಲ್ಲಿ ಬಂತು.

ಇದು ಹೊಸ ಬಳಕೆ ಅಂತಲೂ ನನಗೆ ಅನ್ನಿಸಲಿಲ್ಲ. ಸೊಂಟ ಹಿಡಿಯುತ್ತದೆ, ಕತ್ತು ಹಿಡಿಯುತ್ತದೆ. ಮಳೆ ಹಿಡಿಯುತ್ತದೆ, ಬಿಡುತ್ತದೆ. ಕೀಲೆಣ್ಣೆ ಹಾಕದಿದ್ದರೆ ಬಂಡಿ ಗಾಲಿ ಹಿಡಿಯುತ್ತದೆ ಅಂತ ನಮ್ಮಜ್ಜ ಹೇಳ್ತಿದ್ದರು. ಯಾವುದನ್ನು ಹಿಡಿಯಿತು ಅಂತ ಇಲ್ಲಿ ಯಾರೂ ಕೇಳಲ್ಲ. ಕೆಲಸ ನಿಂತ ಅಂಗವೇ ಕರ್ತೃ. ಗ್ಯಾರೇಜಿನ ಇನ್ನೊಬ್ಬ ಮೆಕ್ಯಾನಿಕ್ ಮನೆಮಾತು ತೆಲುಗು. ಅವರು ಇದನ್ನೇ ‘ಪಟ್ಟೇಸಿಂದಿ’ ಅಂದರು. ತೆಲುಗಿನಲ್ಲಿ ಸೊಂಟಕ್ಕೂ ಅದೇ ಮಾತು. ಬಳ್ಳಾರಿಯಲ್ಲಿ ಎರಡೂ ನುಡಿ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ, ಹಾಗಾಗಿ ಯಾರಿಂದ ಯಾರಿಗೆ ಬಂತು ಅಂತ ಕೇಳುವವರು ಇರಬಹುದು. ಎರಡಕ್ಕೂ ಅವರವರದೇ ಬೇರು ಇದೆ ಅಂತ ನನ್ನ ಅನಿಸಿಕೆ. ಬಂಡಿ, ಸೊಂಟ ನಮ್ಮ ಮಾತಿನಲ್ಲಿ ಎಂಜಿನ್‌ಗಿಂತ ಮೊದಲೇ ಹಿಡಿದಿದ್ದವು.

‘ಬಿಚ್ಚು’, ‘ಇಳಿಸು’, ‘ಕಟ್ಟು’ ಇವೂ ಅಷ್ಟೇ ಖಚಿತ. ಹೆಡ್ ಬಿಚ್ಚುತ್ತಾರೆ, ಎಂಜಿನ್ ಇಳಿಸುತ್ತಾರೆ. ಎರಡಕ್ಕೂ ಕೂಲಿ ಬೇರೆ ಬೇರೆ. ಎಲ್ಲ ಮುಗಿದ ಮೇಲೆ ಎಂಜಿನ್ ‘ಕಟ್ಟಿ’ ಕೊಡುತ್ತಾರೆ, ಮನೆ ಕಟ್ಟಿದ ಹಾಗೆ.

‘ಬೋರ್’ ವಿಷಯಕ್ಕೆ ನಮ್ಮ ಊರಲ್ಲಿ ಸ್ವಲ್ಪ ಎಚ್ಚರ ಬೇಕು. ಹೊಲಕ್ಕೆ ಬೋರ್ ‘ಹಾಕಿಸುತ್ತೇವೆ’, ಎಂಜಿನ್‌ಗೆ ಬೋರ್ ‘ಮಾಡಿಸುತ್ತೇವೆ’, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸುತ್ತೇವೆ. ಕ್ರಿಯಾಪದ ತಪ್ಪಿದರೆ ಎದುರಿನವರು ಎಷ್ಟು ಅಡಿಗೆ ನೀರು ಬಿತ್ತು ಅಂತ ಕೇಳ್ತಾರೆ. ಇನ್ನು ‘ಎಂಜಿನ್ ಬೋರಿಗೆ ಬಂದಿದೆ’ ಅನ್ನೋದಂತೂ ಬೆಳೆ ಕೊಯ್ಲಿಗೆ ಬಂತು ಅನ್ನೋ ಅಚ್ಚಿನಲ್ಲೇ ಎರಕ ಹೊಯ್ದದ್ದು. ನಮ್ಮ ಎಂಜಿನ್‌ಗೂ ಬೋರ್ ಮಾಡಿಸಬೇಕಾಯಿತು. ಗೀರು ಹೋಗುವವರೆಗೆ ಲೇತ್ ಅಂಗಡಿಯಲ್ಲಿ ಕೊರೆದು 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದರು. ಅದಕ್ಕೆ ಅವರು ಹೇಳೋದು ‘ಐವತ್ತು ಸೈಜ್’. ಹೆಡ್ ಕೂಡ ಬೆಂಡ್ ಆಗಿತ್ತು, ಅದಕ್ಕೆ ಫೇಸಿಂಗ್ ಮಾಡಿಸಿದೆವು, ಅಂದರೆ ತಳ ಸಮ ಮಾಡಿಸಿದೆವು.

ಇದಕ್ಕೂ ಮೊದಲು ‘ಹಾಫ್ ಎಂಜಿನ್’ ತರೋಣವೇ ಅಂತ ಯೋಚಿಸಿದ್ದೆವು. ಹೆಡ್ ಇಲ್ಲದೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಇಷ್ಟೇ ಬರುವ ಹಳೆ ಎಂಜಿನ್ ಅದು, ಗುಜರಿಯಲ್ಲಿ ಸಿಗುತ್ತದೆ. ಹೆಸರಿಗೆ ಅರ್ಧ. ಆದರೆ ಎಂಜಿನ್ ನಂಬರ್ ಕೆತ್ತಿರುವುದು ಬ್ಲಾಕಿನ ಮೇಲೆ. ಬ್ಲಾಕ್ ಬದಲಾದರೆ ನಂಬರ್ ಬದಲಾಯಿತು, ಆರ್‌ಸಿಯಲ್ಲೂ ಅದನ್ನು ತಿದ್ದಿಸಬೇಕು. ಅಂದರೆ ಆರ್‌ಟಿಒ ಲೆಕ್ಕದಲ್ಲಿ ಈ ಅರ್ಧವೇ ಪೂರ್ತಿ. ಹಳೆ ಗಾಡಿ ಇಟ್ಟುಕೊಂಡವರು ಈ ಪದವನ್ನು ನಂಬಿ ಮೋಸ ಹೋಗಬಾರದು.

ಈಗ ನನ್ನ ನಿಜವಾದ ಪ್ರಶ್ನೆ. ಇಷ್ಟೆಲ್ಲ ಮಾತು ಇರುವ ಗ್ಯಾರೇಜಿನಲ್ಲಿ ಕೂಲೆಂಟ್‌ಗೆ ಮಾತ್ರ ‘ನೀರು’ ಅಂತಾರೆ. "ನೀರು ನೋಡಿಸ್ರಿ", "ಗಾಡಿ ನೀರು ಕುಡಿಯಾಕ ಹತ್ತೈತಿ". ಅಪ್ಪ ಅದನ್ನು ನಂಬಿದರು. ಎರಡು ವರ್ಷದಿಂದ ಪ್ರತಿ ತಿಂಗಳು ಮನೆಯ ಬೋರಿನ ನೀರನ್ನೇ ತಂಬಿಗೆಯಲ್ಲಿ ತಂದು ಸುರಿದಿದ್ದಾರೆ. ನಮ್ಮ ಬೋರಿನದು ಸವುಳು ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟಿತ್ತು. ಭಾವ ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರಿತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. "ನೀರು ಅಂದ್ರಲ್ಲಪ್ಪ, ನೀರೇ ಹಾಕಿದೆ" ಅಂದರು. ಅವರದು ಏನು ತಪ್ಪು? ಭಾವ ಒಂದು ಮಾತೂ ಆಡಲಿಲ್ಲ.

ಆ ದಿನವೇ ಗೋಡೆಗೆ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡು ಅಂತ ಭಾವ ಹೇಳಿದರು. ಬರೆಯಲು ಕೂತರೆ ಮೊದಲ ಸಾಲಿಗೇ ಪದ ಇಲ್ಲ.

ವಿಜ್ಞಾನದ ಪಾಠದ ‘ಶೀತಕ’ ಇದೆ. ನಮ್ಮಲ್ಲಿ ಶೀತ ಅಂದರೆ ನೆಗಡಿ, ಗೋಡೆಯ ಮೇಲೆ ಬರೆದರೆ ಯಾರಿಗೂ ತಿಳಿಯಲ್ಲ. ‘ತಂಪುಕ’ ಅಂತ ಕಟ್ಟಬಹುದು. ಅದಕ್ಕೆ ನನ್ನ ತಕರಾರು ಬೇರೆ. ತಂಪು ಮಾಡುವುದರಲ್ಲಿ ಬರೀ ನೀರೇ ಮುಂದು, ಕೂಲೆಂಟಿನ ಮುಖ್ಯ ಗುಣ ಅದಲ್ಲ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನು ಮೇಲೇರಿಸುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ (ಕೂಲೆಂಟಿನ ಮುಖ್ಯ ದ್ರವ) ಸೇರಿಸಿದರೆ 100 ಡಿಗ್ರಿಗೆ ಕುದಿಯುವುದು ಸುಮಾರು 106 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಹಿಡಿದಿಡುವ ಒತ್ತಡದಿಂದ ಇನ್ನೂ ಮೇಲೆ. ತಂಪು ಅಂತ ಹೆಸರಿಟ್ಟರೆ ಜನ ಸಹಜವಾಗಿ ತಂಪಿಗೆ ನೀರು ಸಾಕಲ್ವಾ ಅಂತ ಮತ್ತೆ ಅದೇ ತಂಬಿಗೆ ಹಿಡಿಯುತ್ತಾರೆ.

ನನ್ನ ಮನಸ್ಸು ಒಲಿದಿದ್ದು ‘ರೇಡಿಯೇಟರ್ ನೀರು’ ಕಡೆಗೆ. ‘ಬ್ಯಾಟರಿ ನೀರು’ ಅಂದರೆ ನಲ್ಲಿ ನೀರಲ್ಲ, ಅಂಗಡಿಯಿಂದ ಬಾಟಲಿಯಲ್ಲಿ ತರುವುದು ಅಂತ ಗಾಡಿ ಇರುವವರಿಗೆಲ್ಲ ಗೊತ್ತು. ಅದೇ ದಾರಿಯಲ್ಲಿ ಇದೂ ನಡೆಯಬಹುದು. ಆದರೆ ಭಾವ ಒಪ್ಪಲಿಲ್ಲ. ಕೂಲೆಂಟ್ ವಿಷ, ರುಚಿ ಸಿಹಿ. ನಾಯಿ ನೆಕ್ಕುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಳ್ಳಬಹುದು. ಅಂಥದ್ದಕ್ಕೆ ನೀರು ಅನ್ನೋ ಹೆಸರು ಬೇಡವೇ ಬೇಡ ಅಂತ ಅವರ ವಾದ. ಅದೂ ಸರಿಯೇ.

ಅವರು ಸೂಚಿಸಿದ್ದು ‘ರೇಡಿಯೇಟರ್ ಎಣ್ಣೆ’. ಎಣ್ಣೆ ಅಂದರೆ ಯಾರೂ ಬೋರಿನ ನೀರು ಸುರಿಯಲ್ಲ, ಕುಡಿಯಲ್ಲ. ಆದರೆ ಯಾರಾದರೂ ನಿಜವಾಗಿ ಎಂಜಿನ್ ಆಯಿಲ್ಲನ್ನೇ ಹಾಕಿದರೆ? ರಬ್ಬರ್ ಪೈಪುಗಳು ಉಬ್ಬಿ ಹೋಗುತ್ತವೆ. ಆ ಭಯಕ್ಕೆ ಅದನ್ನೂ ಬಿಟ್ಟೆ.

ಸುಮ್ನೆ ‘ಕೂಲೆಂಟ್’ ಅಂತಲೇ ಬರೆದು ಕೆಳಗೆ ‘ಇದು ನೀರಲ್ಲ’ ಅಂತ ದಪ್ಪ ಅಕ್ಷರದಲ್ಲಿ ಹಾಕಲೇ? ಅಥವಾ ನಿಮ್ಮ ಊರಿನ ಡ್ರೈವರ್‌ಗಳು, ಟ್ರ್ಯಾಕ್ಟರ್ ಓಡಿಸುವವರು ಬಳಸುವ ಮಾತು ಏನಾದರೂ ಇದೆಯೇ? ನಿಘಂಟಿನ ಪದಕ್ಕಿಂತ ಬಾಯಿಮಾತು ಸಿಕ್ಕರೆ ಒಳ್ಳೆಯದು. ಹಾಳೆಯನ್ನು ಮುಂದಿನ ವಾರ ಅಚ್ಚಿಗೆ ಕೊಡಬೇಕು. ಅಪ್ಪನೇ ಅದನ್ನು ಮೊದಲು ಓದಿ ನೋಡ್ತೀನಿ ಅಂದಿದ್ದಾರೆ.