ಮಾವು ಹೂಬಿಟ್ಟಾಗ ಔಷಧಿಗೆ ಸಾಯುವ ಜೇನ್ನೊಣಗಳು: ರಾಜ್ಯ ಸರ್ಕಾರದ ಮುಂದೆ ಏನನ್ನು ಕೇಳಬೇಕು?

ಪ್ರಶ್ನೆ (ಯಲಹಂಕದಿಂದ)

ಎಲ್ಲರಿಗೂ ನಮಸ್ಕಾರ. ನಾನು ಯಲಹಂಕದಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ನಮ್ಮ ತಂದೆಯವರು ಇಂದಿಗೂ ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ಎರಡೂವರೆ ಎಕರೆ ಮಾವಿನ ತೋಟವನ್ನೂ ಒಂಬತ್ತು ಪೆಟ್ಟಿಗೆ ತುಡುವೆ ಜೇನನ್ನೂ ನೋಡಿಕೊಂಡಿದ್ದಾರೆ. ಕಳೆದ ಜನವರಿಯಲ್ಲಿ, ಮರಗಳು ಎಲೆ ಕಾಣದಷ್ಟು ಹೂವಾಗಿದ್ದ ವಾರದಲ್ಲಿ, ಸುತ್ತಲಿನ ತೋಟಗಳಲ್ಲಿ ಬೆಳಗ್ಗೆ ಎಂಟರಿಂದ ಹತ್ತರ ನಡುವೆ ಜಿಗಿಹುಳುವಿಗೆ ಔಷಧಿ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳ ಬಾಗಿಲ ಮುಂದೆ ನೊಣಗಳು ನಾಲಗೆ ಹೊರಚಾಚಿ, ನೆಲದ ಮೇಲೆ ಗಿರಕಿ ಹೊಡೆಯುತ್ತಾ ಸಾಯತೊಡಗಿದವು. ನಾಲ್ಕು ದಿನಗಳಲ್ಲಿ ಏಳು ಕುಟುಂಬಗಳು ಬರಿದಾದವು. ತಂದೆಯವರು ಸತ್ತ ನೊಣಗಳನ್ನು ಗುಡಿಸಿ ತಿಪ್ಪೆಗೆ ಹಾಕಿದರು.

ಸಂಬಂಧಪಟ್ಟ ಕಚೇರಿಗೆ ಹೋದಾಗ ಅಲ್ಲಿದ್ದವರು ಇದು ರೋಗವಿರಬೇಕೆಂದರು. ಬೆಳೆಹಾನಿಯ ಪಟ್ಟಿಯಲ್ಲಿ ಜೇನು ಬರುವುದಿಲ್ಲವಾದ್ದರಿಂದ ಅರ್ಜಿಯನ್ನು ಯಾವ ನಮೂನೆಯಲ್ಲಿ ಪಡೆಯಬೇಕೆಂಬುದು ಅವರಿಗೂ ತಿಳಿದಿರಲಿಲ್ಲ. ಪಕ್ಕದ ತೋಟದವರು ನಮ್ಮ ನೆಂಟರಂತೆ ಇರುವವರು. ಅವರ ಮೇಲೆ ದೂರು ಕೊಡುವ ಮನಸ್ಸು ನಮಗಿಲ್ಲ. ಆದರೆ ಮುಂದಿನ ಜನವರಿಯಲ್ಲಿ ಇದೇ ಮತ್ತೆ ಆಗುವುದನ್ನು ಕೈಕಟ್ಟಿ ನೋಡುವುದೂ ಸಾಧ್ಯವಿಲ್ಲ. ಯುರೋಪಿನಂತೆ ಇಂಥ ಔಷಧಿಗಳನ್ನು ಪೂರ್ತಿ ನಿಷೇಧಿಸಲು ಕೇಳಿ ಎಂದು ಗೆಳೆಯರು ಹೇಳುತ್ತಾರೆ. ಅದು ರಾಜ್ಯದ ಕೈಯಲ್ಲಿದೆಯೇ? ಇಲ್ಲವಾದರೆ ನಾವು ಕೇಳಬಹುದಾದದ್ದು ಏನು?

ಉತ್ತರ 1 (ಮಲ್ಲೇಶ್ವರದಿಂದ, ನಿವೃತ್ತ ಕೃಷಿ ಅಧಿಕಾರಿ)

ತಮ್ಮ ತಂದೆಯವರಿಗಾದ ನಷ್ಟವನ್ನು ಓದಿ ಬಹಳ ಸಂಕಟವಾಯಿತು. ಮೊದಲು ರೋಗದ ಮಾತನ್ನು ಇತ್ಯರ್ಥ ಮಾಡೋಣ. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿದ ಥಾಯ್ ಸ್ಯಾಕ್‌ಬ್ರೂಡ್ ಕಾಯಿಲೆಯ ನೆನಪಿನಿಂದಲೋ ಏನೋ, ಜೇನು ಸತ್ತಿತೆಂದರೆ ರೋಗವೆಂದುಬಿಡುವ ರೂಢಿ ನಮ್ಮಲ್ಲಿದೆ. ಆ ಕಾಯಿಲೆ ಕೊಲ್ಲುವುದು ಎರಿಯೊಳಗಿನ ಮರಿಗಳನ್ನು. ಅವು ನೀರು ತುಂಬಿದ ಚೀಲದಂತಾಗಿ ಕಣದಲ್ಲೇ ಸಾಯುತ್ತವೆ. ಮೇಯಲು ಹೋಗಿ ಬಂದ ದೊಡ್ಡ ನೊಣಗಳು ಔಷಧಿ ಹೊಡೆದ ದಿನವೇ ನಾಲಗೆ ಚಾಚಿ ಬಾಗಿಲಲ್ಲಿ ಬಿದ್ದವೆಂದರೆ ಅನುಮಾನ ಪಡಬೇಕಾದದ್ದು ವಿಷವನ್ನು.

ಇನ್ನು ನಿಷೇಧದ ಪ್ರಶ್ನೆ. ಯುರೋಪಿನ ಒಕ್ಕೂಟವು ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್ ಮತ್ತು ಥಯಾಮೆಥಾಕ್ಸಾಮ್ ಎಂಬ, ನಿಯೋನಿಕೋಟಿನಾಯ್ಡ್ ಗುಂಪಿಗೆ ಸೇರಿದ ಮೂರು ಕೀಟನಾಶಕಗಳನ್ನು 2013ರಲ್ಲಿ ನಿರ್ಬಂಧಿಸಿ, 2018ರಲ್ಲಿ ಮುಚ್ಚಿದ ಹಸಿರುಮನೆಗಳ ಹೊರಗೆ ಬಳಸದಂತೆ ಮಾಡಿತು. ನಮ್ಮಲ್ಲಿ 1968ರ ಕೀಟನಾಶಕ ಕಾಯ್ದೆಯಂತೆ ನೋಂದಣಿಯೂ ಅದರ ರದ್ದತಿಯೂ ಕೇಂದ್ರದ ಕೈಯಲ್ಲಿವೆ. ಆದರೆ ರಾಜ್ಯದ ಕೈ ಬರಿದೇನೂ ಅಲ್ಲ. 27ನೇ ಸೆಕ್ಷನ್ನಿನಂತೆ, ಒಂದು ಕೀಟನಾಶಕದಿಂದ ಮನುಷ್ಯರಿಗೆ ಅಥವಾ ಪ್ರಾಣಿಗಳಿಗೆ ಅಪಾಯವಿದೆಯೆಂದು ಮನವರಿಕೆಯಾದರೆ, ಕಾರಣಗಳನ್ನು ಬರೆದಿಟ್ಟು, ಅದರ ಮಾರಾಟವನ್ನೂ ಬಳಕೆಯನ್ನೂ ಗೊತ್ತಾದ ಪ್ರದೇಶದಲ್ಲಿ 60 ದಿನಗಳವರೆಗೆ ತಡೆಹಿಡಿಯುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ತನಿಖೆ ಮುಗಿಯದಿದ್ದರೆ ಇನ್ನೂ 30 ದಿನ ಮುಂದುವರಿಸಬಹುದು.

ನೊಣ ಪ್ರಾಣಿಯೇ ಎಂದು ಯಾರಾದರೂ ಕೇಳಿದರೆ ಅದೇ ಕಾಯ್ದೆಯ 3ನೇ ಸೆಕ್ಷನ್ನನ್ನು ತೋರಿಸಿ. ಅಲ್ಲಿ ‘ಪ್ರಾಣಿ’ ಎಂದರೆ ಮನುಷ್ಯರಿಗೆ ಉಪಯುಕ್ತವಾದ ಪ್ರಾಣಿಗಳು, ಮೀನು ಮತ್ತು ಕೋಳಿಗಳೂ ಸೇರಿ, ಎಂಬ ಅರ್ಥದ ವ್ಯಾಖ್ಯೆಯಿದೆ. ಜೇನ್ನೊಣಕ್ಕಿಂತ ಉಪಯುಕ್ತವಾದ ಪ್ರಾಣಿಯನ್ನು ಹುಡುಕುವುದು ಕಷ್ಟ. ಐವತ್ತು ವರ್ಷಗಳಿಗೂ ಹಳೆಯದಾದ ಕಾಯ್ದೆಯಲ್ಲಿ ನಮಗೆ ಬೇಕಾದ ಬಾಗಿಲು ಆಗಲೇ ಇದೆ. ಜೇನಿಗಾಗಿ ಅದನ್ನು ತಟ್ಟುವವರು ಬೇಕಾಗಿದ್ದಾರೆ. ಪಂಜಾಬ್ ಸರ್ಕಾರವು 2022ರಲ್ಲಿ ಬಾಸ್ಮತಿ ಅಕ್ಕಿಯಲ್ಲಿ ಔಷಧಿಯ ಉಳಿಕೆ ಸಿಕ್ಕು ರಫ್ತಿಗೆ ಪೆಟ್ಟು ಬೀಳಬಾರದೆಂದು ಥಯಾಮೆಥಾಕ್ಸಾಮ್ ಸೇರಿದಂತೆ 10 ಕೀಟನಾಶಕಗಳ ಮಾರಾಟವನ್ನು 60 ದಿನ ನಿಲ್ಲಿಸಿತು. ಒಂದು ಬೆಳೆಯ, ಒಂದು ಹಂಗಾಮಿನ ಮಟ್ಟಿಗೆ ಹೀಗೆ ಮಾಡಬಹುದೆಂಬುದಕ್ಕೆ ಅದಕ್ಕಿಂತ ಬೇರೆ ನಿದರ್ಶನ ಬೇಡ. ಮಾವಿನ ಹೂವಿನ ಕಾಲವೂ ಹೆಚ್ಚುಕಡಿಮೆ ಅಷ್ಟೇ ದಿನಗಳದು.

ಇನ್ನೊಂದು ವಿಷಯವನ್ನು ಸೇವೆಯಲ್ಲಿದ್ದಾಗ ಸಭೆಗಳಲ್ಲಿ ಹೇಳಿದ್ದೆ, ಇಲ್ಲಿಯೂ ಹೇಳುತ್ತೇನೆ. ಔಷಧಿ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನು ನಿರ್ಧರಿಸುವುದು ಇಲಿಗಳಂಥ ಸಸ್ತನಿಗಳ ಮೇಲಿನ ಪರೀಕ್ಷೆಯಿಂದ. ಥಯಾಮೆಥಾಕ್ಸಾಮ್‌ಗೆ ಆ ಲೆಕ್ಕದಲ್ಲಿ ನೀಲಿ ಸಿಗುತ್ತದೆ, ಅಂದರೆ ಮಧ್ಯಮ ವಿಷ. ಅದೇ ಔಷಧಿ ಜೇನ್ನೊಣದ ಹೊಟ್ಟೆಗೆ ಹೋದರೆ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಸುಮಾರು ಐದು ಭಾಗ ಸಾಕು ಕೊಲ್ಲಲು. ರೈತ ನೀಲಿಯನ್ನು ನೋಡಿ ಸೌಮ್ಯವಾದದ್ದನ್ನು ತಂದೆನೆಂದು ನಂಬಿದರೆ ತಪ್ಪು ಅವನದಲ್ಲ. ನೋಂದಣಿಯ ಹೊತ್ತಿಗೆ ಜೇನ್ನೊಣದ ಮೇಲಿನ ಪರಿಣಾಮದ ಮಾಹಿತಿಯನ್ನು ಕಂಪನಿಗಳಿಂದ ಪಡೆದೇ ಇರುತ್ತಾರೆ. ಆ ತಿಳಿವಳಿಕೆ ಕಣ್ಣಿಗೆ ಕಾಣುವ ಗುರುತಾಗಿ ಡಬ್ಬಿಯ ಮೇಲೆ ಬರಬೇಕು. ಅಮೆರಿಕದಲ್ಲಿ 2013ರಿಂದ ಇಂಥ ಔಷಧಿಗಳ ಲೇಬಲ್ ಮೇಲೆ ಜೇನ್ನೊಣದ ಚಿತ್ರವಿರುವ ಎಚ್ಚರಿಕೆಯ ಚೌಕ ಬಂದಿದೆ. ಲೇಬಲ್ ಬದಲಾಯಿಸುವುದು ಕೇಂದ್ರದ ಕೆಲಸವಾದರೂ ರಾಜ್ಯವು ಅದನ್ನು ಬರೆದು ಒತ್ತಾಯಿಸಬಹುದು.

ಉತ್ತರ 2 (ಕೆಂಗೇರಿಯಿಂದ, ರಾಮನಗರದ ಬಳಿ ಮಾವಿನ ತೋಟ)

ನಾನು ಔಷಧಿ ಹೊಡೆಯುವ ಕಡೆಯವನು, ಹಾಗಾಗಿ ಆ ಕಡೆಯ ಕಷ್ಟವನ್ನೂ ಹೇಳಬೇಕಾಗಿದೆ. ಜಿಗಿಹುಳು ಬಿದ್ದರೆ ಹೂಗೊಂಚಲು ಅಂಟಂಟಾಗಿ, ಕಪ್ಪು ಬೂಷ್ಟು ಹಿಡಿದು ಉದುರಿಹೋಗುತ್ತದೆ. ವರ್ಷದ ದುಡಿಮೆ ಒಂದು ವಾರದಲ್ಲಿ ಹೋಗುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಶಿಫಾರಸು ಏನೆಂದು ನಮಗೂ ಗೊತ್ತಿದೆ: ಹೂಗೊಂಚಲು ಹೊರಡುವಾಗ ಒಮ್ಮೆ, ಕಾಯಿ ಕಚ್ಚಿದ ಮೇಲೆ ಬೇಕಿದ್ದರೆ ಇನ್ನೊಮ್ಮೆ, ಹೂ ಪೂರ್ತಿ ಅರಳಿದಾಗ ಬೇಡ. ಮಾವಿನ ಹೂವಿಗೆ ಪರಾಗಸ್ಪರ್ಶ ಮಾಡುವ ನೊಣಗಳೂ ಸಣ್ಣ ಜೇನುಗಳೂ ಆಗ ಹೊಡೆದರೆ ಸಾಯುತ್ತವೆ, ಕಾಯಿಯೂ ಕಡಿಮೆ ಕಚ್ಚುತ್ತದೆ.

ಹಾಗಿದ್ದೂ ಹೂವಿನ ಮೇಲೆ ಹೊಡೆಯುವವರು ಯಾರೆಂದು ನೋಡಿ. ಅನೇಕ ತೋಟಗಳ ಫಸಲನ್ನು ಹೂವಿನ ಹಂತದಲ್ಲೇ ಗುತ್ತಿಗೆಗೆ ಕೊಡುತ್ತೇವೆ. ಗುತ್ತಿಗೆ ಹಿಡಿದವನಿಗೆ ಆ ಒಂದು ಫಸಲೇ ಸರ್ವಸ್ವ. ಮರದ ಆಯುಸ್ಸಿನ ಅಥವಾ ಪಕ್ಕದವರ ಜೇನಿನ ಚಿಂತೆ ಅವನಿಗೆ ಇರಬೇಕೆಂದು ಬಯಸುವುದು ಅತಿಯಾಸೆಯಾದೀತು. ಯಾವ ಔಷಧಿ, ಎಷ್ಟು, ಯಾವಾಗ ಎಂಬುದನ್ನು ಅವನಿಗೆ ಹೇಳುವವರು ಅಂಗಡಿಯವರು. ಆದ್ದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ರೈತರನ್ನು ಕೂರಿಸಿ ತರಬೇತಿ ಕೊಟ್ಟು ಕೈತೊಳೆದುಕೊಂಡರೆ ಆ ತರಬೇತಿ ಸಿಂಪಡಿಸುವವನನ್ನು ತಲುಪುವುದೇ ಇಲ್ಲ. ಅಂಗಡಿಯ ಪರವಾನಗಿ ನೀಡುವುದು ರಾಜ್ಯದ ಅಧಿಕಾರಿಗಳೇ. ಅಂಗಡಿಯವರಿಗಾಗಿ ನಡೆಯುವ ‘ದೇಸಿ’ ಡಿಪ್ಲೊಮಾ ತರಗತಿಗಳಲ್ಲಿ ಹೂವಿನ ಕಾಲದ ಪಾಠ ಬರಲಿ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಂಗಡಿಯ ಮುಂದೆ ಕನ್ನಡದಲ್ಲಿ ದೊಡ್ಡ ಫಲಕ ಇರಲಿ. ತಡೆ ಹಾಕುವುದಾದರೆ ನವೆಂಬರಿನಲ್ಲೇ ತಿಳಿಸಲಿ; ಹೂ ಬಿಟ್ಟ ಮೇಲೆ ಆದೇಶ ಬಂದರೆ ನಾವು ಬೇರೆ ದಾರಿ ಹುಡುಕಲು ಸಮಯವಿರುವುದಿಲ್ಲ.

ಉತ್ತರ 3 (ಸರ್ಜಾಪುರ ರಸ್ತೆಯಿಂದ)

ಈ ಬೇಡಿಕೆಯನ್ನು ಹಳ್ಳಿಯ ತೋಟಗಳಿಗೆ ಮಾತ್ರ ಸೀಮಿತಗೊಳಿಸಬೇಡಿ ಎಂದು ವಿನಂತಿ. ನಮ್ಮ ವಸತಿ ಸಮುಚ್ಚಯದ ಹನ್ನೊಂದನೆಯ ಮಹಡಿಯ ಸಜ್ಜೆಗೆ ಕಟ್ಟಿದ್ದ ಹೆಜ್ಜೇನನ್ನು ರಾತ್ರಿ ವಿಷ ಸಿಂಪಡಿಸಿ ಕೊಲ್ಲಿಸಲಾಯಿತು. ಬೆಳಗ್ಗೆ ಈಜುಕೊಳದ ಸುತ್ತ ಬಿದ್ದಿದ್ದ ನೊಣಗಳನ್ನು ಮಕ್ಕಳು ನೋಡಿದರು. ಆ ಸಭೆಯಲ್ಲಿ ನಾನೂ ಇದ್ದೆ, ಗಟ್ಟಿಯಾಗಿ ಬೇಡವೆನ್ನಲಿಲ್ಲ. ಅದಕ್ಕಾಗಿ ಇಂದಿಗೂ ಪಶ್ಚಾತ್ತಾಪವಿದೆ. ಹೆಜ್ಜೇನು ವಲಸೆ ಹೋಗುವ ಜಾತಿ, ಕೆಲವು ತಿಂಗಳಲ್ಲಿ ತಾನಾಗಿಯೇ ಗೂಡು ಬಿಟ್ಟು ಹೋಗುತ್ತದೆಂದು ನನಗೆ ಆಮೇಲೆ ತಿಳಿಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ನಮ್ಮ ನಗರದ ಹೆಜ್ಜೇನು ಗಾಳಿಯ ಮಾಲಿನ್ಯದಿಂದಲೇ ಸೊರಗಿದೆ. ಅದರ ಮೇಲೆ ಈ ವಿಷ. ಪೆಸ್ಟ್ ಕಂಟ್ರೋಲ್ ಸಂಸ್ಥೆಗಳಿಗೂ ಕೀಟನಾಶಕ ನಿಯಮಗಳ ಅಡಿ ಪರವಾನಗಿ ಬೇಕು. ಜನರಿಗೆ ನಿಜವಾದ ಅಪಾಯವಿದ್ದರೆ ಗೂಡನ್ನು ತಿಳಿದವರಿಂದ ಸ್ಥಳಾಂತರಿಸಬೇಕು, ಕೊಲ್ಲಬಾರದು ಎಂಬ ಷರತ್ತು ಆ ಪರವಾನಗಿಯಲ್ಲಿ ಬರಲಿ. ಸೊಳ್ಳೆಗೆ ಹೊಗೆ ಹಾಕುವಾಗ ಉದ್ಯಾನದ ಹೂಪಾತಿಗಳನ್ನು ಬಿಡುವಂತೆ ನಗರದ ಐದೂ ಪಾಲಿಕೆಗಳಿಗೆ ಸೂಚನೆ ಹೋಗಲಿ.

ಉತ್ತರ 4 (ಹೆಬ್ಬಾಳದಿಂದ, ಕೀಟಶಾಸ್ತ್ರದ ವಿದ್ಯಾರ್ಥಿನಿ)

ಎರಡು ಮಾತು ಸೇರಿಸುತ್ತೇನೆ. ಸಂಜೆ ಹೊತ್ತು ಹೊಡೆದರೆ ಸಾಕು ಎಂಬ ಸಲಹೆ ಮೈಗೆ ತಗಲಿ ಕೊಲ್ಲುವ ಔಷಧಿಗಳ ಮಟ್ಟಿಗೆ ಒಳ್ಳೆಯದೇ. ನಿಯೋನಿಕೋಟಿನಾಯ್ಡ್‌ಗಳು ಗಿಡದೊಳಗೆ ಹರಿದು ಪರಾಗ, ಮಕರಂದಗಳಿಗೂ ಸೇರುತ್ತವೆ. ಥಯಾಮೆಥಾಕ್ಸಾಮ್ ಗಿಡದೊಳಗೆ ಕ್ಲೋಥಿಯಾನಿಡಿನ್ ಆಗಿಯೂ ಮಾರ್ಪಡುತ್ತದೆ. ಸಂಜೆ ಹೊಡೆದದ್ದನ್ನು ನೊಣ ಮರುದಿನ ಕುಡಿಯುತ್ತದೆ. ಆದ್ದರಿಂದ ನಿಯಮ ಗಡಿಯಾರವನ್ನು ನೋಡುವುದರ ಜೊತೆಗೆ ಹೂವನ್ನೂ ನೋಡಬೇಕು.

ಎರಡನೆಯದು ಸಾಕ್ಷ್ಯ. 2008ರಲ್ಲಿ ಜರ್ಮನಿಯ ರೈನ್ ಕಣಿವೆಯಲ್ಲಿ 11,000ಕ್ಕೂ ಹೆಚ್ಚು ಜೇನು ಕುಟುಂಬಗಳಿಗೆ ಹಾನಿಯಾದಾಗ, ಜೇನುಗಾರರು ಕಳುಹಿಸಿದ ಸತ್ತ ನೊಣಗಳನ್ನು ಸರ್ಕಾರಿ ಪ್ರಯೋಗಾಲಯವೇ ಪರೀಕ್ಷಿಸಿತು. ಮೆಕ್ಕೆಜೋಳದ ಬಿತ್ತನೆ ಬೀಜಕ್ಕೆ ಲೇಪಿಸಿದ್ದ ಕ್ಲೋಥಿಯಾನಿಡಿನ್ ದೂಳಾಗಿ ಹಾರಿದ್ದೇ ಕಾರಣವೆಂದು ತಿಳಿದು, ಅಂಥ ಬೀಜೋಪಚಾರದ ಅನುಮತಿಯನ್ನು ಅದೇ ಮೇ ತಿಂಗಳಲ್ಲಿ ಅಮಾನತಿನಲ್ಲಿಟ್ಟರು. ನಮ್ಮಲ್ಲಿ ನೊಣ ತಿಪ್ಪೆ ಸೇರುತ್ತದೆ, ಹಾಗಾಗಿ ಸಾವು ಯಾವ ಕಡತಕ್ಕೂ ಸೇರುವುದಿಲ್ಲ. ಅದೇ 1968ರ ಕಾಯ್ದೆಯ 26ನೇ ಸೆಕ್ಷನ್ ಕೀಟನಾಶಕದಿಂದಾದ ವಿಷಪ್ರಾಶನದ ಪ್ರಕರಣಗಳನ್ನು ವರದಿ ಮಾಡುವಂತೆ ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಜೇನು ಕುಟುಂಬಗಳ ಸಾವನ್ನೂ ಅದರಲ್ಲಿ ಸೇರಿಸಿ ಎಂಬುದು ನಿಮ್ಮ ಮೊದಲ ಬೇಡಿಕೆಯಾಗಲಿ. 27ನೇ ಸೆಕ್ಷನ್ನಿನ ತಡೆಗೆ ಬೇಕಾದ ಲಿಖಿತ ಕಾರಣಗಳು ಅಲ್ಲಿಂದಲೇ ಸಿಗಬೇಕು. ಮತ್ತೆ ಹೀಗಾದರೆ ಸತ್ತ ನೊಣಗಳನ್ನು ಅಂದೇ ಶುದ್ಧವಾದ ಡಬ್ಬಿಯಲ್ಲಿ ಹಾಕಿ, ದಿನಾಂಕ, ವೇಳೆ ಬರೆದು ಫ್ರೀಜರಿನಲ್ಲಿಡಿ. ಬಿಸಿಲಿನಲ್ಲಿ ಉಳಿದರೆ ವಿಷ ಕರಗಿ ಪರೀಕ್ಷೆಗೆ ಸಿಗದೆ ಹೋಗಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪೂರ್ಣ ನಿಷೇಧದ ಮಾತನ್ನು ಬಿಟ್ಟು, ಸಾವುಗಳ ಕಡ್ಡಾಯ ವರದಿ, ಹೂವಿನ ಕಾಲದ 60 ದಿನಗಳ ತಡೆ ಮತ್ತು ನವೆಂಬರಿನಲ್ಲೇ ಮುನ್ಸೂಚನೆ, ಈ ಕ್ರಮದಲ್ಲಿ ಮನವಿಯನ್ನು ಬರೆಯುತ್ತಿದ್ದೇನೆ. ಕೆಂಗೇರಿಯ ಸರ್ ಅವರು ಮಾವು ಬೆಳೆಗಾರರಾಗಿ ಅದಕ್ಕೆ ಸಹಿ ಹಾಕಲು ಒಪ್ಪಿದರೆ ಪಕ್ಕದ ತೋಟದವರ ಮನೆಗೂ ಅದನ್ನು ಧೈರ್ಯವಾಗಿ ಕೊಂಡೊಯ್ಯಬಲ್ಲೆ. ನಿನ್ನೆ ತಂದೆಯವರಿಗೆ ಫೋನಿನಲ್ಲಿ ಸತ್ತ ನೊಣಗಳನ್ನು ಡಬ್ಬಿಯಲ್ಲಿ ತೆಗೆದಿಡುವ ವಿಚಾರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಎರಡು ಪೆಟ್ಟಿಗೆಗಳಲ್ಲಿ ಒಂದು ಈಗ ಎರಡು ಕುಟುಂಬಗಳಾಗಿ ಪಾಲಾಗುವಷ್ಟು ತುಂಬಿದೆಯೆಂದು ಹೇಳಿದರು.